ಔಷಧಿ ಹೊಡೀತೀರಾ ಅಂತ ಗಿರಾಕಿ ಕೇಳಿದ್ರೆ ನಿಜ ಹೇಳೋದು ಹೇಗೆ?

ಶ್ರೀನಿವಾಸಪುರ_ಬಯಲು
ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯವನು. ಟೊಮೆಟೊ, ಬೀನ್ಸ್, ಸ್ವಲ್ಪ ಕ್ಯಾಪ್ಸಿಕಂ ಬೆಳೀತೀನಿ. ಹೆಚ್ಚಿನ ಮಾಲು ಮಂಡಿಗೆ ಹೋಗುತ್ತೆ. ಅದರ ಜೊತೆಗೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ನೇರವಾಗಿ ಕೊಡ್ತಿದ್ದೀನಿ. ವಾಟ್ಸಾಪ್ ಗುಂಪಿನಲ್ಲಿ ಆರ್ಡರ್ ಬರುತ್ತೆ, ಶನಿವಾರ ಇಳಿಸಿ ಬರ್ತೀನಿ.

ಹೋದ ತಿಂಗಳು ಆ ಗುಂಪಿನಲ್ಲಿ ಒಬ್ಬರು "ನೀವು ಕೆಮಿಕಲ್ ಹೊಡೀತೀರಾ?" ಅಂತ ಕೇಳಿದ್ರು. ಹೌದು, ರೋಗ ಕಂಡಾಗ ಹೊಡೀತೀನಿ, ಲೇಬಲ್‌ನಲ್ಲಿ ಹೇಳಿದಷ್ಟು ದಿನ ಬಿಟ್ಟೇ ಕೊಯ್ತೀನಿ ಅಂತ ಬರೆದೆ. ಅಷ್ಟಕ್ಕೇ ಶುರುವಾಯ್ತು. ವಿಷ ತಿನ್ನಿಸ್ತಿದ್ದೀರಿ ಅಂದ್ರು, ಮಕ್ಕಳಿಗೆ ಕ್ಯಾನ್ಸರ್ ಅಂದ್ರು, ಇನ್ನೊಬ್ಬರು ಯಾವುದೋ ವಿಡಿಯೋ ಹಾಕಿದ್ರು. ಆ ವಾರದ ಆರ್ಡರ್ ಅರ್ಧಕ್ಕೆ ಇಳೀತು.

ಅದೇ ಗುಂಪಿಗೆ ಇನ್ನೊಬ್ಬರು "ನೂರಕ್ಕೆ ನೂರು ಸಾವಯವ" ಅಂತ ಮಾರ್ತಾರೆ. ಅವರು ಮಂಡಿಯಲ್ಲಿ ಬಾಕ್ಸ್ ಹರಾಜು ಹಿಡಿಯೋದನ್ನ ನಾನೇ ನೋಡಿದ್ದೀನಿ. ಅವರ ವ್ಯಾಪಾರ ಚೆನ್ನಾಗಿದೆ. ಸುಳ್ಳು ಹೇಳೋಕೆ ನನಗೆ ಮನಸ್ಸಿಲ್ಲ. ಆದರೆ ನಿಜ ಹೇಳಿದವನಿಗೇ ನಷ್ಟ ಆದ್ರೆ ನಾಳೆ ಯಾವ ರೈತ ಬಾಯಿ ಬಿಡ್ತಾನೆ? ನೀವೆಲ್ಲ ಇದನ್ನ ಜನರ ಹತ್ತಿರ ಹೇಗೆ ಮಾತಾಡ್ತೀರಿ?

ಗಾಂಧಿಬಜಾರ್_ಅಮ್ಮ
ನಾನು ಕೊಳ್ಳುವವರ ಕಡೆಯವಳು. ನಿಮ್ಮ ಬಗ್ಗೆ ಗೌರವ ಇದೆ, ಆದರೆ ನಮ್ಮ ಭಯಾನೂ ಸುಮ್ಮನೆ ಬಂದದ್ದಲ್ಲ. ದ್ರಾಕ್ಷಿ ತಂದರೆ ಮೇಲೆ ಬಿಳಿ ಪುಡಿ, ಕೊತ್ತಂಬರಿ ತೊಳೆದರೆ ಏನೋ ವಾಸನೆ. ಕೇಳಿದರೆ ಅಂಗಡಿಯವನು "ಏನಿಲ್ಲಮ್ಮ, ಫ್ರೆಶ್" ಅಂತಾನೆ. ಇಷ್ಟು ವರ್ಷ ಯಾರೂ ನಿಜ ಹೇಳಿಲ್ಲ. ಮೊದಲ ಸಲ ಒಬ್ಬರು "ಹೌದು" ಅಂದಾಗ ಗಾಬರಿ ಆಗೋದು ಸಹಜ ಅಲ್ವಾ?

ಹುಳಿಮಾವು_ಹುಡುಗ
ಸಹಜ ಇರಬಹುದು. ಆದರೆ "ಹೌದು" ಅಂದವನನ್ನ ಬಿಟ್ಟು "ಇಲ್ಲ" ಅಂದವನ ಹತ್ತಿರ ಹೋದ್ರಲ್ಲ, ಅದು ನ್ಯಾಯನಾ?

ನಿವೃತ್ತ_ಕೃಷಿ_ಅಧಿಕಾರಿ
ಆ ಬಿಳಿ ಪುಡಿಯ ಬಗ್ಗೆ ಒಂದು ಮಾತು. ದ್ರಾಕ್ಷಿಯ ಮೇಲೆ ಬೆರಳಿಟ್ಟರೆ ಅಳಿಸಿಹೋಗುವ ತೆಳು ಬೂದಿಯಂಥ ಪದರ ಹಣ್ಣಿನದೇ ಮೇಣ, ಅದು ಔಷಧಿಯಲ್ಲ. ನೀರು ಒಣಗಿದ ಜಾಗದಲ್ಲಿ ಚುಕ್ಕೆ ಚುಕ್ಕೆಯಾಗಿ, ತೊಟ್ಟಿನ ಹತ್ತಿರ ಕಲೆಯಾಗಿ ಉಳಿದಿದ್ದರೆ ಆಗ ಸಿಂಪಡಣೆಯದು ಎಂದು ಅನುಮಾನಿಸಬಹುದು.

ಇನ್ನು ಮೂಲ ಪ್ರಶ್ನೆ. "ಹೊಡೀತೀರಾ, ಇಲ್ವಾ" ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದದ್ದು ಬೇರೆ: ಯಾವ ಔಷಧಿ, ಯಾವ ಬೆಳೆಗೆ, ಎಷ್ಟು ಪ್ರಮಾಣ, ಕೊನೆಯ ಸಲ ಹೊಡೆದದ್ದು ಯಾವತ್ತು, ಕೊಯ್ದದ್ದು ಯಾವತ್ತು. ಪ್ರತಿ ಔಷಧಿಗೂ, ಹೊಡೆದ ಮೇಲೆ ಕೊಯ್ಯುವವರೆಗೆ ಕಾಯುವ ಅವಧಿ ಬೆಳೆವಾರು ನಿಗದಿಯಾಗಿದೆ. ಕೆಲವಕ್ಕೆ 3 ದಿನ, ಕೆಲವಕ್ಕೆ 5, ಕೆಲವಕ್ಕೆ ಎರಡು ಮೂರು ವಾರ. ಅದನ್ನು ಪಾಲಿಸಿದವನ ಟೊಮೆಟೊಗೂ ನಿನ್ನೆ ಸಂಜೆ ಹೊಡೆದು ಇವತ್ತು ಬೆಳಗ್ಗೆ ಕೊಯ್ದವನ ಟೊಮೆಟೊಗೂ ಬಹಳ ವ್ಯತ್ಯಾಸ ಇದೆ. ಗಿರಾಕಿ ಇಬ್ಬರನ್ನೂ "ಕೆಮಿಕಲ್" ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದರೆ, ಪಾಲಿಸಿದವನು ಯಾಕೆ ಪಾಲಿಸಬೇಕು?

ತಿಪಟೂರು_ತೆಂಗು
ಸಾರ್, ಕಾಯುವ ಅವಧಿ ಪುಸ್ತಕದಲ್ಲಿ ಚೆಂದ. ಟೊಮೆಟೊ ಬಿಡಿಸೋ ಸಮಯದಲ್ಲಿ ಎಷ್ಟು ಜನ ಪಾಲಿಸ್ತಾರೆ, ನೀವೇ ಹೇಳಿ.

ಶ್ರೀನಿವಾಸಪುರ_ಬಯಲು
ಇದಕ್ಕೆ ನಾನೇ ಹೇಳ್ತೀನಿ, ಯಾಕಂದ್ರೆ ಸಮಸ್ಯೆ ಇರೋದೇ ಅಲ್ಲಿ. ಟೊಮೆಟೊ ಒಂದೇ ಸಲಕ್ಕೆ ಕೊಯ್ಯೋ ಬೆಳೆ ಅಲ್ಲ. ಒಂದೇ ಗಿಡದಲ್ಲಿ ತುದಿಗೆ ಹೂ, ನಡುವೆ ಹಸಿರು ಕಾಯಿ, ಕೆಳಗೆ ಬಣ್ಣ ತಿರುಗಿದ ಹಣ್ಣು ಇರುತ್ತೆ. ಜೋರು ಫಸಲಲ್ಲಿ ಮೂರು ನಾಲ್ಕು ದಿನಕ್ಕೊಂದು ಬಿಡಿಕೆ. ತುದಿಗೆ ಹುಳ ಬಿದ್ದಿದೆ ಅಂತ ಹೊಡೆದ್ರೆ ಕೆಳಗಿನ ಹಣ್ಣಿಗೂ ಬೀಳುತ್ತೆ. 5 ದಿನ ಕಾಯಬೇಕಾದ ಔಷಧಿ ಹೊಡೆದ್ರೆ ಒಂದು ಬಿಡಿಕೆ ತಪ್ಪುತ್ತೆ, ಹಣ್ಣು ಗಿಡದಲ್ಲೇ ಮೆತ್ತಗಾಗುತ್ತೆ. 2023ರ ಜುಲೈಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆಗ ಒಂದು ಬಿಡಿಕೆ ಬಿಡು ಅಂದ್ರೆ ಯಾರು ಕೇಳ್ತಾರೆ?

ನಾನು ಮಾಡೋದು ಇಷ್ಟು: ಬಿಡಿಸಿದ ದಿನವೇ ಸಂಜೆ ಹೊಡೀತೀನಿ, ಫಸಲು ಶುರುವಾದ ಮೇಲೆ ಕಾಯುವ ಅವಧಿ ಕಡಿಮೆ ಇರೋದನ್ನೇ ಆರಿಸ್ತೀನಿ. ಅವು ದುಬಾರಿ. ಮಂಡಿಯಲ್ಲಿ ಅದಕ್ಕೆ ಅಂತ ಒಂದು ಪೈಸೆ ಜಾಸ್ತಿ ಸಿಗಲ್ಲ.

ನಾಟಿ_ರುಚಿ
ಮೊದಲು ಹುಳಿ ನಾಟಿ ಟೊಮೆಟೊ ಬರ್ತಿತ್ತು, ಒಂದು ಹಾಕಿದ್ರೆ ಸಾರು ಘಮ್ ಅನ್ನೋದು. ಈಗಿನವು ಗೋಡೆಗೆ ಹೊಡೆದ್ರೂ ಒಡೆಯಲ್ಲ. ಅದೂ ಔಷಧಿ ಪ್ರಭಾವನಾ?

ನಿವೃತ್ತ_ಕೃಷಿ_ಅಧಿಕಾರಿ
ಅಲ್ಲ, ಅದು ತಳಿಯ ಗುಣ. ದೂರದ ಸಾಗಾಣಿಕೆಗೆಂದು ದಪ್ಪ ಸಿಪ್ಪೆಯ ಹೈಬ್ರಿಡ್ ಬಂದವು. ತಳಿಯಿಂದ ಲಾಭವೂ ಇದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಎಲೆ ಮುರುಟು ನಂಜು, ದುಂಡಾಣು ಸೊರಗು ರೋಗ, ಮುಂಚಿನ ಅಂಗಮಾರಿ, ಈ ಮೂರಕ್ಕೂ ತಡೆದುಕೊಳ್ಳುವ ಶಕ್ತಿ ಇದೆ. ಅಷ್ಟರ ಮಟ್ಟಿಗೆ ಸಿಂಪಡಣೆ ಕಡಿಮೆ. 16 ಸಾಲು ಟೊಮೆಟೊಗೆ 1 ಸಾಲು ಚೆಂಡುಹೂ ಹಾಕಿ ಕಾಯಿಕೊರಕ ಹುಳವನ್ನು ಅತ್ತ ಸೆಳೆಯುವ ಪದ್ಧತಿಯೂ ಅಲ್ಲಿಂದಲೇ ಬಂದದ್ದು.

ಶ್ರೀನಿವಾಸಪುರ_ಬಯಲು
ಚೆಂಡುಹೂ ನಾನೂ ಹಾಕ್ತೀನಿ ಸಾರ್, ಕಾಯಿಕೊರಕಕ್ಕೆ ಕೆಲಸ ಮಾಡುತ್ತೆ. ಆದ್ರೆ 2014ರಿಂದ ಈಚೆಗೆ ಟ್ಯೂಟಾ ಅನ್ನೋ ಹುಳ ಬಂತಲ್ಲ, ಅದು ಎಲೆಯ ಎರಡು ಪದರದ ನಡುವೆ ಕೂತು ಮೇಯುತ್ತೆ. ಎಲೆ ಎತ್ತಿ ಬೆಳಕಿಗೆ ಹಿಡಿದ್ರೆ ಒಳಗೆ ಹರಿದಾಡೋದು ಕಾಣುತ್ತೆ, ಮೇಲೆ ಹೊಡೆದ ಔಷಧಿ ಅದಕ್ಕೆ ತಗಲಲ್ಲ. ವಾಸನೆಗೆ ಗಂಡು ಪತಂಗ ಬಂದು ಬೀಳೋ ಮೋಹಕ ಬಲೆ ಕಟ್ಟಿದ್ದೀನಿ. ಅದೂ ಸುತ್ತಲಿನವರೆಲ್ಲ ಕಟ್ಟಿದ್ರೆ ಮಾತ್ರ ಲಾಭ.

ಕೂಲಿಯವನ_ಮಗಳು
ಇಷ್ಟೂ ಓದಿದೆ. ತಿನ್ನೋರ ಬಗ್ಗೆ ಮಾತಾಡಿದ್ರಿ, ಬೆಳೆಯೋರ ಬಗ್ಗೆ ಮಾತಾಡಿದ್ರಿ. ಹೊಡೆಯೋರ ಬಗ್ಗೆ ಒಬ್ಬರೂ ಕೇಳಲಿಲ್ಲ.

ನಮ್ಮಪ್ಪ ಬೇರೆಯವರ ತೋಟದಲ್ಲಿ ಔಷಧಿ ಹೊಡೆಯೋ ಕೂಲಿ. ಡ್ರಮ್ಮಿಗೆ ಸುರಿದು ಕೋಲಿನಲ್ಲಿ ತಿರುಗಿಸ್ತಾರೆ, ಕೋಲು ಸಿಗದಿದ್ರೆ ಕೈ. ಲುಂಗಿ, ತಲೆಗೊಂದು ಟವೆಲ್, ಅದೇ ಟವೆಲ್ ಮೂಗಿಗೆ. ಗಾಳಿ ತಿರುಗಿದ್ರೆ ಮೈಯೆಲ್ಲ ನೆನೆಯುತ್ತೆ. ಸಂಜೆ ಬಂದು ಅಂಗಿಯನ್ನ ಹಿತ್ತಲ ತಂತಿಗೆ ಹಾಕ್ತಾರೆ, ಅಮ್ಮ ಅದನ್ನ ಬೇರೆ ಬಕೆಟ್‌ನಲ್ಲಿ ನೆನೆಸ್ತಾಳೆ. ಎಷ್ಟೋ ರಾತ್ರಿ ತಲೆನೋವು, ವಾಂತಿ, ಕಣ್ಣು ಮಂಜು. "ಬಿಸಿಲಿಗೆ ಆಗಿದ್ದು" ಅಂತಾರೆ. ತೋಟದವರು ಯಾವ ಔಷಧಿ ಅಂತಾನೂ ಹೇಳಿರಲ್ಲ. ಬಾಟಲಿ ಅವರ ಶೆಡ್‌ನಲ್ಲೇ ಇರುತ್ತೆ, ಇವರ ಕೈಗೆ ಬರೋದು ಕಲಸಿದ ನೀರು.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಹೊಡೆಯುವಾಗ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ಅವರು ಯಾರೂ ತರಕಾರಿಯಲ್ಲಿ ಉಳಿದ ಔಷಧಿ ತಿಂದು ಸತ್ತವರಲ್ಲ. ಅಪಾರ್ಟ್‌ಮೆಂಟಿನವರ ಹತ್ತಿರ ಮುಕ್ತವಾಗಿ ಮಾತಾಡೋ ಮೊದಲು ತೋಟದಲ್ಲಿ ಕೆಲಸ ಮಾಡೋರ ಹತ್ತಿರ ಮುಕ್ತವಾಗಿ ಮಾತಾಡಿ ಅಂತ ನನ್ನ ಕೋರಿಕೆ.

ಗಾಂಧಿಬಜಾರ್_ಅಮ್ಮ
ಇದನ್ನ ಓದಿ ಸಂಕಟ ಆಯ್ತು ಮಗಳೇ. ನಿಮ್ಮಪ್ಪನಿಗೆ ರಕ್ತ ಪರೀಕ್ಷೆ ಏನಾದ್ರೂ ಮಾಡಿಸಿದ್ದೀರಾ?

ಆಸ್ಪತ್ರೆ_ಶುಶ್ರೂಷಕಿ
ತಾಲೂಕು ಮಟ್ಟದಲ್ಲಿ ಕೆಲಸ ಮಾಡ್ತೀನಿ. ವಾಂತಿ, ಜೊಲ್ಲು, ಬೆವರು, ಕಣ್ಣಿನ ಪಾಪೆ ಚಿಕ್ಕದಾಗೋದು, ಇವು ಕಂಡರೆ ಆರ್ಗನೋಫಾಸ್ಫೇಟ್ ಗುಂಪಿನ ಔಷಧಿ ಅಂತ ಅನುಮಾನ ಪಡ್ತೀವಿ. ಅದಕ್ಕೆ ಅಟ್ರೊಪಿನ್ ಕೊಡ್ತಾರೆ. ಎಲ್ಲ ಔಷಧಿಗೂ ಮದ್ದು ಒಂದೇ ಅಲ್ಲ, ಕೆಲವಕ್ಕೆ ಮದ್ದೇ ಇಲ್ಲ. ಕರ್ಕೊಂಡು ಬಂದೋರಿಗೆ ಯಾವುದು ಅಂತ ಗೊತ್ತೇ ಇರಲ್ಲ. ದಯವಿಟ್ಟು ಬಾಟಲಿ ತನ್ನಿ. ಆಗದಿದ್ರೆ ಲೇಬಲ್‌ನ ಫೋಟೋ ತನ್ನಿ. ಒದ್ದೆ ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆದು, ತಡ ಮಾಡದೆ ಹೊರಡಿ.

ಹುಳಿಮಾವು_ಹುಡುಗ
ಮೇಲಿನ ಕಾಮೆಂಟ್ ಪಿನ್ ಮಾಡಿ ಅಡ್ಮಿನ್.

ಶಿಡ್ಲಘಟ್ಟ_ಗೂಡು
ನಮ್ಮ ಕಡೆ ಔಷಧಿ ವಿಚಾರ ಮುಚ್ಚಿಡೋಕೇ ಆಗಲ್ಲ, ರೇಷ್ಮೆ ಹುಳವೇ ಹೇಳಿಬಿಡುತ್ತೆ. ಪಕ್ಕದ ಹೊಲದವರು ಟೊಮೆಟೊಗೆ ಹೊಡೆದಾಗ ಗಾಳಿ ನಮ್ಮ ಹಿಪ್ಪುನೇರಳೆ ಕಡೆ ಬೀಸಿದ್ರೆ ಆಯ್ತು, ಆ ಸೊಪ್ಪು ಹಾಕಿದ ತಟ್ಟೆಯಲ್ಲಿ ಹುಳ ತಲೆ ಎತ್ತಿ ಹಳದಿ ನೀರು ಕಾರಿ ಮುದುಡಿಕೊಳ್ಳುತ್ತೆ. ನಾಲ್ಕನೇ ಜ್ವರ (ಪೊರೆ ಬಿಡೋ ಹಂತ) ದಾಟಿದ ಹುಳ, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಅನ್ನೋವಾಗ ಹೀಗಾದ್ರೆ ಬೆಳೆ ಪೂರ್ತಿ ಹೋಯ್ತು. ಕ್ಲೋರಾಂಟ್ರಾನಿಲಿಪ್ರೋಲ್ ಅನ್ನೋ ಹುಳದ ಔಷಧಿ ಮನುಷ್ಯರಿಗೆ ಅಷ್ಟು ಅಪಾಯ ಇಲ್ಲ ಅಂತ ಹಸಿರು ಗುರುತಿನಲ್ಲಿ ಮಾರ್ತಾರೆ. ರೇಷ್ಮೆ ಹುಳಕ್ಕೆ ಅದು ಯಮ.

ಇದಕ್ಕೆ ಊರಲ್ಲಿ ಹೊಡೆದಾಟ ಆಗಿದೆ, ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದ್ದೂ ಇದೆ. ಕೊನೆಗೆ ಉಳಿದಿದ್ದು ಒಂದೇ ದಾರಿ: ಹೊಡೆಯೋ ಹಿಂದಿನ ದಿನ ಪಕ್ಕದವರಿಗೆ ಹೇಳೋದು. ನಾವು ಎರಡು ಮೂರು ದಿನದ ಸೊಪ್ಪು ಮೊದಲೇ ಕೊಯ್ದಿಟ್ಕೋತೀವಿ, ಅಂಚಿನ ಸಾಲು ಬಿಟ್ಟುಬಿಡ್ತೀವಿ.

ಬೆಳ್ತಂಗಡಿ_ಹೊಳೆಬದಿ
"ಹೇಳೋದು" ಎಂಬ ವಿಷಯಕ್ಕೇ ಬರುತ್ತೇನೆ. ನಮ್ಮ ಊರ ಕಡೆ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. 80ರ ದಶಕದಿಂದ 2000ದವರೆಗೆ. ನಾವು ಮಕ್ಕಳು ಹೆಲಿಕಾಪ್ಟರ್ ನೋಡಲು ಗುಡ್ಡೆಗೆ ಓಡುತ್ತಿದ್ದೆವು. ಅದು ಏನು, ಬಾವಿ ಮುಚ್ಚಬೇಕೇ, ಆ ಹುಲ್ಲನ್ನು ದನಕ್ಕೆ ಹಾಕಬಹುದೇ ಎಂದು ನಮ್ಮ ಮನೆಗೆ ಬಂದು ಹೇಳಿದವರು ಒಬ್ಬರೂ ಇಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರ ತಾಯಂದಿರಿಗೆ ವಯಸ್ಸಾಗಿದೆ. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಕೊಟ್ಟದ್ದು 2011ರ ಮೇ ತಿಂಗಳಲ್ಲಿ. ಮಾಸಾಶನಕ್ಕೂ ಪಾಲನಾ ಕೇಂದ್ರಕ್ಕೂ ಜನ ಬೀದಿಗಿಳಿಯಬೇಕಾಯಿತು.

ಆದ್ದರಿಂದ "ಲೇಬಲ್ ಪ್ರಕಾರ ಹೊಡೆದರೆ ಏನೂ ಆಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ನಮ್ಮ ಕಡೆಯವರು ನಂಬುವುದು ಕಷ್ಟ. ಅದೂ ಸರ್ಕಾರ ಒಪ್ಪಿದ ಔಷಧಿಯೇ ಆಗಿತ್ತು.

ನಿವೃತ್ತ_ಕೃಷಿ_ಅಧಿಕಾರಿ
ಒಪ್ಪುತ್ತೇನೆ. ನೋಂದಣಿ ಆಗಿದೆ ಎಂದರೆ ಶಾಶ್ವತವಾಗಿ ಸುರಕ್ಷಿತ ಎಂದರ್ಥವಲ್ಲ. ಫೋರೇಟ್, ಡೈಕ್ಲೋರ್ವಾಸ್, ಟ್ರಯಾಜೋಫಾಸ್ ಎಂಬ ಕೀಟನಾಶಕಗಳು ನಮ್ಮ ಕಾಲದಲ್ಲಿ ಮನೆಮಾತು. ಅವು 2020ರ ಕೊನೆಗೆ ನಿಂತವು. ಮೋನೊಕ್ರೋಟೊಫಾಸ್ ಅನ್ನು ತರಕಾರಿಗೆ ಬಳಸಬಾರದೆಂದು ಬಹಳ ಹಿಂದೆಯೇ ಆದೇಶವಿತ್ತು. ಅದರ ಹೆಚ್ಚು ಬಳಕೆಯ 36% ದ್ರಾವಣದ ನಿಷೇಧದ ಆದೇಶ ಬಂದದ್ದು 2023ರಲ್ಲಿ. ಈ ತಡವನ್ನು ಮುಚ್ಚಿಟ್ಟು ಜನರ ಹತ್ತಿರ ಮಾತಾಡಿದರೆ ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಶುದ್ಧ_ಸಾವಯವ
ಅದಕ್ಕೇ ನಾನು ಹೇಳೋದು, ಪೂರ್ತಿ ಬಿಟ್ಟುಬಿಡಿ! ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಸಿದ್ದು), ಬೇವಿನ ಎಣ್ಣೆ, ಹುಳಿ ಮಜ್ಜಿಗೆ ಸಾಕು. ದೊಡ್ಡಬಳ್ಳಾಪುರದ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು ಜೀವನವಿಡೀ ತೋರಿಸಿಕೊಟ್ಟರಲ್ಲ. ಸ್ವಲ್ಪ ವಿಷ, ಕಡಿಮೆ ವಿಷ ಅನ್ನೋ ಮಾತೇ ಬೇಡ.

ಶ್ರೀನಿವಾಸಪುರ_ಬಯಲು
ಅವರ ಬಗ್ಗೆ ನನಗೂ ಗೌರವ ಇದೆ ಅಣ್ಣ. ನನ್ನದು ಎರಡೆಕರೆ, ಅರ್ಧ ಗುತ್ತಿಗೆ ಭೂಮಿ, ಬೆಳೆಸಾಲ ಇದೆ. ಮಳೆ ಹಿಡಿದು ಅಂಗಮಾರಿ ಬಂದ್ರೆ ವಾರದೊಳಗೆ ತೋಟ ಸುಟ್ಟ ಹಾಗೆ ಆಗುತ್ತೆ. ಆ ವಾರದಲ್ಲಿ ನನ್ನ ಜೊತೆ ಯಾರು ನಿಲ್ತಾರೆ? 2021ರಲ್ಲಿ ಶ್ರೀಲಂಕಾದವರು ಒಂದೇ ಏಟಿಗೆ ರಸಗೊಬ್ಬರ, ಔಷಧಿ ನಿಲ್ಲಿಸಿ ಅದೇ ವರ್ಷ ಆದೇಶ ವಾಪಸ್ ತಗೊಂಡ್ರು. ಬಿಡಬೇಕು ಅಂದ್ರೆ ನಿಧಾನಕ್ಕೆ ಬಿಡಬೇಕು, ಆ ನಡುವಿನ ನಷ್ಟ ಯಾರಾದ್ರೂ ಹಂಚಿಕೊಳ್ಳಬೇಕು.

ಶಿರಸಿ_ತೋಟಿಗ
ಸಾವಯವ ಅಂದರೆ ಏನೂ ಹೊಡೆಯೋದಿಲ್ಲ ಅಂತಲೂ ಅಲ್ಲ ಮಾರಾಯ್ರೆ. ಅಡಿಕೆಗೆ ಕೊಳೆರೋಗ ಬಂದರೆ ನಾವು ಬೋರ್ಡೋ ದ್ರಾವಣ ಹೊಡೀತೇವೆ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮೈಸೂರು ಸಂಸ್ಥಾನದ ಕಾಲದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಮೇಲೆ ಕೆಲಸ ಮಾಡಿದ ಮೇಲೆ ಮಲೆನಾಡಿಗೆ ಹಬ್ಬಿದ್ದು. ಸಾವಯವ ಪ್ರಮಾಣಪತ್ರದ ನಿಯಮದಲ್ಲೂ ತಾಮ್ರಕ್ಕೆ ಮಿತಿಯೊಳಗೆ ಅವಕಾಶ ಇದೆ. ವರ್ಷಾವರ್ಷ ಹೊಡೆದರೆ ತಾಮ್ರ ಮಣ್ಣಲ್ಲೇ ಕೂರ್ತದೆ. ಇದನ್ನೂ ಮುಚ್ಚುಮರೆ ಇಲ್ಲದೆ ಹೇಳಬೇಕಲ್ಲ?

ಶುದ್ಧ_ಸಾವಯವ
ಮೈಲುತುತ್ತವನ್ನೂ ಮೋನೊಕ್ರೋಟೊಫಾಸನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಶಿರಸಿ_ತೋಟಿಗ
ಹಾಕಲಿಲ್ಲ. ಏನು ಹೊಡೀತೇವೆ ಅಂತ ಎಲ್ಲರೂ ಹೇಳಲಿ ಅಂದೆ, ಅಷ್ಟೇ.

ಔಷಧಿ_ಅಂಗಡಿ
ಬೈಯೋಕೆ ಮುಂಚೆ ಕೇಳಿ. ನಾನು ತಾಲೂಕು ಕೇಂದ್ರದಲ್ಲಿ ಅಂಗಡಿ ಇಟ್ಟವನು. ಒಬ್ಬ ರೈತ ಬರ್ತಾನೆ, ಕೈಯಲ್ಲಿ ಒಂದು ಎಲೆ, "ಇದಕ್ಕೆ ಜೋರಾಗಿರೋದು ಕೊಡಿ." ಇದು ಹುಳ ಅಲ್ಲ, ನಂಜು ರೋಗ, ಔಷಧಿಯಿಂದ ಹೋಗಲ್ಲ, ಬಿಳಿ ನೊಣ ಹತೋಟಿ ಮಾಡು, ಹಿಡಿದ ಗಿಡ ಕಿತ್ತು ಹಾಕು ಅಂದ್ರೆ ಎದುರು ಅಂಗಡಿಗೆ ಹೋಗ್ತಾನೆ. ಅಲ್ಲಿ ಮೂರು ಬಾಟಲಿ ಒಟ್ಟಿಗೆ ಕೊಡ್ತಾರೆ, ಒಂದೇ ಡ್ರಮ್ಮಿಗೆ ಹಾಕು ಅಂತಾರೆ. ಉದ್ರಿ ಬೇರೆ. ಬೆಳೆ ಬಂದ ಮೇಲೆ ದುಡ್ಡು. ನಮಗೂ ಮೇಲಿಂದ ಟಾರ್ಗೆಟ್ ಇರುತ್ತೆ.

ಒಂದು ಎಚ್ಚರಿಕೆ: "ಬಯೋ" ಅಂತ ಬರೆದು, ಒಳಗೆ ಏನಿದೆ ಅಂತ ಬರೆಯದೆ, ನೋಂದಣಿ ಸಂಖ್ಯೆ ಇಲ್ಲದೆ ಮಾರೋ ಬಾಟಲಿ ತಗೋಬೇಡಿ. ಹೊಡೆದ ಮರುದಿನವೇ ಹುಳ ಉದುರಿದ್ರೆ ಒಳಗೆ ಬೇರೇನೋ ಇದೆ ಅಂತ ಅನುಮಾನ ಪಡಿ.

ಕೂಲಿಯವನ_ಮಗಳು
ಅಂಗಡಿಯವರೇ, ಬಾಟಲಿ ಜೊತೆ ಬರೋ ಚೀಟಿಯ ಕನ್ನಡ ಅಕ್ಷರ ಸಾಸಿವೆಗಿಂತ ಸಣ್ಣ. ಕೊಡುವಾಗ ಬಾಯಲ್ಲಿ ಹೇಳ್ತೀರಾ?

ಔಷಧಿ_ಅಂಗಡಿ
ಹೇಳ್ತೀನಿ. ಓದೋಕೆ ಬರದವರಿಗೆ ಡಬ್ಬಿಯ ಮೇಲಿನ ವಜ್ರಾಕಾರದ ಗುರುತು ತೋರಿಸ್ತೀನಿ. ಕೆಳಗಿನ ತ್ರಿಕೋನ ಕೆಂಪಾದ್ರೆ ಅತಿ ಘೋರ ವಿಷ, ಮೇಲೆ ತಲೆಬುರುಡೆ ಇರುತ್ತೆ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕೆಂಪು ಕೇಳಿದವರಿಗೆ ಹಸಿರು, ನೀಲಿಯಲ್ಲಿ ಬದಲಿ ಇದ್ರೆ ಅದನ್ನೇ ಕೊಡೋಕೆ ನೋಡ್ತೀನಿ.

ಶಿಡ್ಲಘಟ್ಟ_ಗೂಡು
ಆ ಬಣ್ಣ ಮನುಷ್ಯರ ಲೆಕ್ಕ ಅಂತಾನೂ ಹೇಳಿ. ಹುಳ, ಜೇನು, ಮೀನಿಗೆ ಲೆಕ್ಕ ಬೇರೆ.

ತಿಕೋಟಾ_ದ್ರಾಕ್ಷಿ
ನಾವು ವಿಜಾಪುರ ಕಡಿಯವ್ರು, ದ್ರಾಕ್ಷಿ ಬೆಳಿತೀವಿ. ಎಕ್ಸ್‌ಪೋರ್ಟ್ ಮಾಡೋರಿಗೆ ಈ ವಿಷಯ ಹೊಸಾದಲ್ಲ. ತೋಟ ನೋಂದಣಿ ಮಾಡಸಬೇಕು, ಯಾವತ್ತ ಏನ ಹೊಡದ್ವಿ, ಎಷ್ಟ ಹೊಡದ್ವಿ ಎಲ್ಲಾ ವಹಿಯಾಗ ಬರೀಬೇಕು, ಕೊಯ್ಲಿಗಿಂತ ಮೊದಲ ಮಾದರಿ ಲ್ಯಾಬಿಗೆ ಹೋಗತೈತಿ. 2010ರಾಗ ಯುರೋಪಿನವ್ರು ಬಳ್ಳಿ ಬೆಳವಣಿಗಿ ತಡಿಯೋ ಕ್ಲೋರ್‌ಮೆಕ್ವಾಟ್ ಉಳಿಕಿ ಸಿಕ್ತಂತ ಭಾರತದ ದ್ರಾಕ್ಷಿ ತಿರಗಿ ಕಳಿಸಿದ್ರು. ಎಷ್ಟ ಮಂದಿ ಹಾಳಾದ್ರು ಗೊತ್ತೇನ್ರಿ. ಅವತ್ತಿಂದ ವಹಿ ಬರಿಯೋದು ತಪ್ಪಿಲ್ಲ.

ನನಗ ಸಿಟ್ಟ ಬರೋದು ಎಲ್ಲಿ ಅಂದ್ರ, ನೆದರ್‌ಲ್ಯಾಂಡಿನವ್ರು ತಿನ್ನೋ ಹಣ್ಣಿಗೆ ಇಷ್ಟ ಲೆಕ್ಕ, ನಮ್ಮ ಮಂದಿ ತಿನ್ನೋ ಹಣ್ಣಿಗೆ ಯಾಕ ಇಲ್ಲ? ಒಬ್ಬನ ತೋಟ, ಒಂದ ವಹಿ, ಎರಡು ನಮೂನಿ ಮಾತ ಯಾಕ?

ಗಾಂಧಿಬಜಾರ್_ಅಮ್ಮ
ಇದು ಸರಿಯಾದ ಮಾತು! ನಮಗೂ ಆ ವಹಿ ತೋರಿಸಿದ್ರೆ ನಾವೂ ಓದ್ತೀವಿ. ಅಂದಹಾಗೆ ಉಪ್ಪು ನೀರಲ್ಲಿ ತೊಳೆದ್ರೆ ಹೋಗುತ್ತಾ?

ನಿವೃತ್ತ_ಕೃಷಿ_ಅಧಿಕಾರಿ
ಸಿಪ್ಪೆಯ ಮೇಲೆ ಕೂತದ್ದು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಉಪ್ಪು ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಹರಿಯುವ ನೀರಲ್ಲಿ ಉಜ್ಜಿ ತೊಳೆಯಿರಿ. ಇಮಿಡಾಕ್ಲೋಪ್ರಿಡ್‌ನಂತೆ ಗಿಡದ ರಸದೊಳಗೆ ಸೇರುವಂಥವು ತೊಳೆದರೆ ಹೋಗುವುದಿಲ್ಲ. ಅದಕ್ಕೆ ಕಾಯುವ ಅವಧಿಯೇ ದಾರಿ. ಸೋಪು ಮಾತ್ರ ಹಾಕಬೇಡಿ.

ಹುಳಿಮಾವು_ಹುಡುಗ
ಲ್ಯಾಬ್ ಟೆಸ್ಟ್ ಮಾಡಿಸಿ ಗುಂಪಿನಲ್ಲಿ ಹಾಕಿದ್ರೆ ಮುಗೀತಲ್ಲ?

ಶ್ರೀನಿವಾಸಪುರ_ಬಯಲು
ಒಂದು ಮಾದರಿಗೆ ಸಾವಿರಾರು ರೂಪಾಯಿ ಕೇಳ್ತಾರೆ. ವಾರ ವಾರ ಆಗಲ್ಲ. ಅಪಾರ್ಟ್‌ಮೆಂಟಿನವರು ಅರ್ಧ ಹಾಕಿಕೊಂಡ್ರೆ ವರ್ಷಕ್ಕೆ ಒಂದೆರಡು ಸಲ, ನನಗೆ ಹೇಳದೆ ಅವರೇ ಆರಿಸಿದ ಬಾಕ್ಸನ್ನ ಕಳಿಸಲಿ. ನಾನು ತಯಾರು. ಆ ಸಾವಯವದವರ ಬಾಕ್ಸೂ ಜೊತೆಗೆ ಹೋಗಲಿ.

ಗಾಂಧಿಬಜಾರ್_ಅಮ್ಮ
ನಮ್ಮ ಬಡಾವಣೆಯಲ್ಲಿ ಇದನ್ನ ಪ್ರಸ್ತಾಪ ಮಾಡ್ತೀನಿ. ಮೂವತ್ತು ಮನೆ ಸೇರಿದ್ರೆ ತಲಾ ಒಂದು ಸಿನಿಮಾ ಟಿಕೆಟ್ಟಿನಷ್ಟೂ ಆಗಲ್ಲ.

ಶ್ರೀನಿವಾಸಪುರ_ಬಯಲು
ಎಲ್ಲರ ಮಾತು ಕೇಳಿ ಈ ಶನಿವಾರ ಗುಂಪಿನಲ್ಲಿ ಹಾಕೋಕೆ ಬರೆದಿದ್ದು ನೋಡಿ, ತಪ್ಪಿದ್ರೆ ತಿದ್ದಿ:

"ಟೊಮೆಟೊ: ಅಂಗಮಾರಿಗೆ ಮ್ಯಾಂಕೋಜೆಬ್, ಹೋದ ವಾರದ ಗುರುವಾರ ಸಂಜೆ. ಬಿಡಿಸಿದ್ದು ಈ ಶುಕ್ರವಾರ ಬೆಳಗ್ಗೆ. ಹುಳಕ್ಕೆ ಈ ವಾರ ಏನೂ ಹೊಡೆದಿಲ್ಲ, ಬಲೆ ಮಾತ್ರ. ಬೀನ್ಸ್: ಈ ವಾರ ಕೊಡಲ್ಲ, ಔಷಧಿ ಹೊಡೆದು ದಿನ ತುಂಬಿಲ್ಲ. ಲೇಬಲ್ ಫೋಟೋ ಕೆಳಗಿದೆ. ಪ್ರಶ್ನೆ ಇದ್ರೆ ಕೇಳಿ, ತೋಟಕ್ಕೆ ಬಂದು ನೋಡಿ."

ನಿವೃತ್ತ_ಕೃಷಿ_ಅಧಿಕಾರಿ
ಚೆನ್ನಾಗಿದೆ. ಕಂಪನಿ ಹೆಸರು ಹಾಕದೆ ಔಷಧದ ಹೆಸರು ಹಾಕಿದ್ದು ಸರಿ. ಲೀಟರಿಗೆ ಎಷ್ಟು ಗ್ರಾಂ ಎಂಬುದನ್ನೂ ಸೇರಿಸಿ. ಮ್ಯಾಂಕೋಜೆಬ್ ಅನುಮತಿಯನ್ನು ಯುರೋಪ್ ಒಕ್ಕೂಟ 2020ರಲ್ಲಿ ನವೀಕರಿಸಲಿಲ್ಲ. ಯಾರಾದರೂ ಗೂಗಲ್ ಮಾಡಿ ಅದನ್ನೇ ಕೇಳುತ್ತಾರೆ, ಉತ್ತರ ಸಿದ್ಧ ಇರಲಿ.

ಶುದ್ಧ_ಸಾವಯವ
ನಾನು ಒಪ್ಪಲ್ಲ, ಆದ್ರೂ ಇಷ್ಟು ಬಿಚ್ಚಿ ಬರೆದವರನ್ನ ಮೊದಲ ಸಲ ನೋಡ್ತಿದ್ದೀನಿ. ನಮ್ಮ ಸಾವಯವ ಗುಂಪಿನವರೂ ಏನು ಹೊಡೀತಾರೆ ಅಂತ ಹೀಗೇ ಬರೀಲಿ ಅಂತ ಕೇಳ್ತೀನಿ.

ಕೂಲಿಯವನ_ಮಗಳು
ಹೊಡೆದವರಿಗೆ ಮಾಸ್ಕ್, ಗ್ಲೌಸ್, ಗಂಬೂಟ್ ಕೊಟ್ಟಿದ್ರಾ ಅನ್ನೋ ಒಂದು ಸಾಲು ಸೇರಿಸಿ ಅಣ್ಣ.

ಶ್ರೀನಿವಾಸಪುರ_ಬಯಲು
ಸೇರಿಸ್ತೀನಮ್ಮ. ಗ್ಲೌಸ್, ಮಾಸ್ಕ್ ಇದೆ. ಗಂಬೂಟ್ ಇಲ್ಲ, ಈ ವಾರ ತರ್ತೀನಿ. ಬರೋ ತನಕ "ಇಲ್ಲ" ಅಂತಾನೇ ಬರೀತೀನಿ.

ಶಿಡ್ಲಘಟ್ಟ_ಗೂಡು
ಅದೇ ಮೆಸೇಜನ್ನ ಹೊಡೆಯೋ ಹಿಂದಿನ ದಿನ ಪಕ್ಕದ ಹಿಪ್ಪುನೇರಳೆಯವರಿಗೂ ಹಾಕಿ. ಬೆಳಗ್ಗೆಯೇ ಹಾಕಿ, ಸೊಪ್ಪು ಕೊಯ್ಯೋಕೆ ಹೊತ್ತು ಬೇಕು.